ತುಂಬದೆ ಉಳಿದ ಡಬ್ಬ

ಪತ್ನಿಗೆ ಹೊರದೇಶದ ಕೆಲಸದ ಪತ್ರ ಕೈಸೇರಿದ ರಾತ್ರಿ, ಮಕ್ಕಳು ಮಲಗುವವರೆಗೆ ಕಾದು, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ಪಿಸುಮಾತಿನಲ್ಲಿ ಲೆಕ್ಕ ಹಾಕಿದೆವು. ಅವಳು ಆ ಕೆಲಸವನ್ನು ಒಪ್ಪಿಕೊಳ್ಳುವುದು, ನಾನು ನನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಜೊತೆಗೆ ಹೋಗುವುದು, ಎಲ್ಲವೂ ಖಚಿತವಾದ ಮೇಲೆ ಮಕ್ಕಳಿಗೆ ತಿಳಿಸುವುದು ಎಂದು ಮೂರು ತೀರ್ಮಾನಗಳಾದವು. ಮೊದಲ ಎರಡರ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಮೂರನೆಯದು ತಪ್ಪಾಗಿತ್ತು. 11 ವರ್ಷದ ಮಗಳಿಗೆ ಸುದ್ದಿ ಗೊತ್ತಾದದ್ದು ನಮ್ಮ ಬಾಯಿಂದಲ್ಲ. ಮನೆಯನ್ನು ಬಾಡಿಗೆಗೆ ಕೊಡುವ ವಿಚಾರವಾಗಿ ನಾನು ಫೋನಿನಲ್ಲಿ ಆಡುತ್ತಿದ್ದ ಮಾತು ಅವಳ ಕಿವಿಗೆ ಬಿದ್ದಿತ್ತು. ಎರಡು ದಿನ ಅವಳು ಏನೂ ತಿಳಿಯದವಳಂತೆ ಇದ್ದುಬಿಟ್ಟಳು. ಮೂರನೆಯ ದಿನ ನಾವು ಮಕ್ಕಳಿಬ್ಬರನ್ನೂ ಸೋಫಾದ ಮೇಲೆ ಕೂರಿಸಿಕೊಂಡು, ಮೊದಲೇ ಅಭ್ಯಾಸ ಮಾಡಿಕೊಂಡಿದ್ದ ಉತ್ಸಾಹದ ದನಿಯಲ್ಲಿ, "ನಾವೆಲ್ಲ ಬೇರೆ ದೇಶಕ್ಕೆ ಹೋದರೆ ಹೇಗಿರುತ್ತೆ?" ಎಂದು ಕೇಳಿದಾಗ, "ಹೋಗೋದು ಅಂತ ಆಗಿದೆಯಲ್ಲ, ಮತ್ಯಾಕೆ ಕೇಳ್ತೀಯಪ್ಪ?" ಎಂದಳು. 6 ವರ್ಷದ ಮಗ ಮಾತ್ರ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೆ ಎಂದು ವಿಚಾರಿಸಿದ.

ಮಗಳ ಮಾತಿಗೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಇದೆಯೆಂದೂ, ಅದರ ವಯಸ್ಸಿಗೂ ಪಕ್ವತೆಗೂ ತಕ್ಕ ಬೆಲೆಯನ್ನು ಆ ಅಭಿಪ್ರಾಯಕ್ಕೆ ಕೊಡಬೇಕೆಂದೂ ಹೇಳುತ್ತದೆ. ಮಗು ಹೇಳಿದಂತೆಯೇ ನಡೆಯಬೇಕೆಂದು ಅದು ಹೇಳುವುದಿಲ್ಲ, ಆದರೆ ಆಗಿಹೋದ ತೀರ್ಮಾನವನ್ನು ಪ್ರಶ್ನೆಯ ವೇಷ ಹಾಕಿಸಿ ಮಗುವಿನ ಮುಂದೆ ನಿಲ್ಲಿಸುವುದು ಅಭಿಪ್ರಾಯ ಕೇಳಿದ ಹಾಗೂ ಅಲ್ಲ, ನಿಜ ಹೇಳಿದ ಹಾಗೂ ಅಲ್ಲ. ಮಾರನೆಯ ಸಂಜೆ ನಾವು ಮತ್ತೆ ಕುಳಿತೆವು. ಈ ಬಾರಿ ನೋಟ್‌ಪುಸ್ತಕದ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಮಕ್ಕಳ ಕೈಯಲ್ಲಿಲ್ಲದ ಸಂಗತಿಗಳನ್ನು, ಬಲಗಡೆ ಅವರ ಕೈಯಲ್ಲಿರುವವನ್ನು ಬರೆದೆವು. ಹೋಗುವುದು, ಹೋಗುವ ತಿಂಗಳು, ಶಾಲೆ ಎಡಗಡೆಗೆ ಬಂದವು. ಯಾರಿಗೆ ಯಾವ ಕೋಣೆ, ಏನನ್ನು ಜೊತೆಗೆ ಒಯ್ಯುವುದು, ಯಾರಿಗೆ ಯಾವಾಗ ವಿದಾಯ ಹೇಳುವುದು, ಸ್ನೇಹಿತರಿಗೆ ಸುದ್ದಿ ತಿಳಿಸುವವರು ಯಾರು ಎನ್ನುವುದು ಬಲಗಡೆಗೆ. ಎಡಗಡೆಯ ಪಟ್ಟಿ ಉದ್ದವಾಗಿತ್ತು. ಮಗಳು ಅದನ್ನು ಓದಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೂ ರಾತ್ರಿ ಬಂದು ಬಲಗಡೆಯ ಪಟ್ಟಿಗೆ ತಾನೇ ಒಂದು ಸಾಲು ಸೇರಿಸಿದಳು: ಹೋಗುವುದಕ್ಕೆ ಖುಷಿಪಡಬೇಕೋ ಬೇಡವೋ ಎನ್ನುವುದು.

ಕಾಗದಪತ್ರದ ಕೆಲಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದು ತಲೆ ತಿನ್ನುತ್ತದೆಯೇ ಹೊರತು ಮನಸ್ಸನ್ನಲ್ಲ. ತಲುಪಿದ ಮೇಲೂ ಆರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ, ಆದ್ದರಿಂದ ಮಕ್ಕಳ ಪಾಸ್‌ಪೋರ್ಟುಗಳನ್ನು ಮೊದಲು ನೋಡಬೇಕು, ಏಕೆಂದರೆ ಅವುಗಳ ಅವಧಿ ಸಾಮಾನ್ಯವಾಗಿ ದೊಡ್ಡವರದ್ದಕ್ಕಿಂತ ಚಿಕ್ಕದು. ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರಗಳಿಗೆ, ದಾಖಲೆ ಅಸಲಿಯೆಂದು ಹೊರದೇಶಕ್ಕೆ ದೃಢೀಕರಿಸುವ ಅಪೊಸ್ಟೀಲ್ ಮುದ್ರೆ ಬೇಕಾಗಬಹುದು; 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಈ ಒಂದು ಮುದ್ರೆ ಸಾಕು, ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಲಸಿಕೆಯ ದಾಖಲೆಯಲ್ಲಿ ಮಾರಾಟದ ಹೆಸರಿನ ಬದಲು ಲಸಿಕೆಯ ಸಾಮಾನ್ಯ ಹೆಸರೂ ದಿನಾಂಕವೂ ಇರುವಂತೆ ವೈದ್ಯರಿಂದ ಬರೆಸಿಕೊಂಡರೆ ಶಾಲೆಯಲ್ಲಿ ಪ್ರಶ್ನೆಗಳು ಕಡಿಮೆಯಾಗುತ್ತವೆ. ಇವನ್ನೆಲ್ಲ ನಾನು ಒಂದೂ ತಪ್ಪದಂತೆ ಮಾಡಿದೆ. ಕೆಲಸ ಬಿಟ್ಟವನಿಗೆ ಕಡತ ಜೋಡಿಸುವುದರಲ್ಲಿ ಎಷ್ಟು ನೆಮ್ಮದಿಯಿದೆಯೆಂಬುದು ಆಗ ನನಗೆ ಅರಿವಾಗಲಿಲ್ಲ.

ವಿಮಾನದಲ್ಲಿ ತಲೆಗೆ ಇಂತಿಷ್ಟೇ ಕಿಲೋ ಎಂಬ ಮಿತಿಯಿದ್ದುದರಿಂದ ಮನೆಯ ಬಹುಪಾಲು ವಸ್ತುಗಳು ಹಿಂದುಳಿಯಲೇಬೇಕಿತ್ತು. ಆಗ ಪತ್ನಿ ಒಂದು ಉಪಾಯ ಮಾಡಿದಳು. ಒಬ್ಬೊಬ್ಬರಿಗೂ ಒಂದೊಂದು ಚಪ್ಪಲಿ ಡಬ್ಬ. ಅದರಲ್ಲಿ ಏನನ್ನು ಬೇಕಾದರೂ ಇಡಬಹುದು, ಇದೇಕೆ ಎಂದು ಯಾರೂ ಕೇಳುವಂತಿಲ್ಲ, ಒಬ್ಬರದ್ದನ್ನು ಇನ್ನೊಬ್ಬರು ತೆರೆಯುವಂತಿಲ್ಲ. ಮಗ ತನ್ನದನ್ನು ಎಲ್ಲರೆದುರೇ ತುಂಬಿದ. ಬೀಗವೇ ಇಲ್ಲದ ಒಂದು ಕೀಲಿಕೈ, ಏಳು ಬೆಣಚುಕಲ್ಲು, ಅರ್ಧ ರಬ್ಬರು, ಬಚ್ಚಲಿನ ಕಿಟಕಿಯಿಂದ ಕಿತ್ತುಕೊಂಡ ಒಂದು ತಿರುಪು ಮೊಳೆ ಅದರಲ್ಲಿದ್ದವು. ಬೆಲೆಬಾಳುವ ಆಟಿಕೆಗಳನ್ನು ಬಿಟ್ಟು ಮೊಳೆಯನ್ನು ಏಕೆ ಆರಿಸಿದ ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು, ಆದರೆ ಕರಾರು ಕರಾರೇ. ಮಗಳು ತನ್ನ ಡಬ್ಬವನ್ನು ಒಳಗೆ ಒಯ್ದು, ಟೇಪಿನಿಂದ ಮೂರು ಸುತ್ತು ಸುತ್ತಿ ತಂದಳು. ಪತ್ನಿಯದು ಯಾವಾಗ ತುಂಬಿತೋ ನನಗೆ ಗೊತ್ತಾಗಲಿಲ್ಲ. ನನ್ನ ಡಬ್ಬದಲ್ಲಿ ನಾನು ಪಾಸ್‌ಪೋರ್ಟುಗಳನ್ನೂ ಪ್ರಮಾಣಪತ್ರಗಳ ನಕಲುಗಳನ್ನೂ ಇಟ್ಟೆ. ಅಳತೆಗೆ ಸರಿಯಾಗಿ ಹೊಂದಿಕೊಂಡವು.

ಹೊರಡುವ ಮುಂಚಿನ ವಾರಗಳಿಗೆ ನಮಗೆ ದಾರಿ ತೋರಿಸಿದ್ದು ಡೇವಿಡ್ ಪೊಲಾಕ್ ಎಂಬವರ ಒಂದು ಸೂತ್ರ. ದೇಶದಿಂದ ದೇಶಕ್ಕೆ ಹೋಗಿ ಬೆಳೆಯುವ ಮಕ್ಕಳ ನಡುವೆ ಬಹುಕಾಲ ಕೆಲಸ ಮಾಡಿದ ಅವರು ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ ತೆಪ್ಪ ಎಂದು. ನಾಲ್ಕು ದಿಮ್ಮಿಗಳನ್ನು ಕಟ್ಟಿದರೆ ಆಗುವ ತೆಪ್ಪ. ಯಾರೊಂದಿಗಾದರೂ ಮುನಿಸಿದ್ದರೆ ಅದನ್ನು ತೀರಿಸಿಕೊಂಡು ಹೋಗುವುದು ಮೊದಲನೆಯದು. ನಮಗೆ ಬೇಕಾದವರಿಗೆ, ನೀವು ನಮಗೆ ಬೇಕಾದವರು ಎಂದು ಬಾಯಿಬಿಟ್ಟು ಹೇಳುವುದು ಎರಡನೆಯದು. ಜನರಿಗೆ ಮಾತ್ರವಲ್ಲದೆ ಜಾಗಗಳಿಗೂ ವಸ್ತುಗಳಿಗೂ ಸಾಕುಪ್ರಾಣಿಗಳಿಗೂ ಸರಿಯಾಗಿ ವಿದಾಯ ಹೇಳುವುದು ಮೂರನೆಯದು, ತಲುಪುವ ಊರಿನ ಬಗ್ಗೆ ನಿಜಕ್ಕೆ ಹತ್ತಿರವಾದ ಚಿತ್ರ ಕಟ್ಟಿಕೊಳ್ಳುವುದು ನಾಲ್ಕನೆಯದು. ನಮಗೆ ಒಗ್ಗಿದ್ದು ಮೂರನೆಯ ದಿಮ್ಮಿ. ಮಗ ಮನೆಯ ಪ್ರತಿ ಕೋಣೆಗೂ ಹೋಗಿ, ಗೋಡೆ ಮುಟ್ಟಿ, "ಹೋಗಿ ಬರ್ತೀನಿ" ಎಂದು ಹೇಳಿ ಬಂದ. ನಾಲ್ಕನೆಯದರಲ್ಲಿ ನಾವು ಎಡವಿದೆವು. ಹಿಮ, ದೊಡ್ಡ ಆಟದ ಮೈದಾನ, ರೈಲು ಎಂದು ಬರೀ ಹಬ್ಬದೂಟದಂಥ ಮಾತು ಬಡಿಸಿದೆವೇ ಹೊರತು, ಮೊದಮೊದಲು ಯಾರ ಮಾತೂ ಅರ್ಥವಾಗುವುದಿಲ್ಲ, ಕೆಲವು ದಿನ ಆಟಕ್ಕೆ ಯಾರೂ ಕರೆಯುವುದಿಲ್ಲ ಎಂದು ಹೇಳಲಿಲ್ಲ. ಮಗುವಿಗೆ ಬರೀ ಒಳ್ಳೆಯದನ್ನೇ ಹೇಳಿ ಕರೆದೊಯ್ದರೆ, ಅಲ್ಲಿ ಅದಕ್ಕಾಗುವ ಒಂದೊಂದು ದುಃಖವೂ ಅಪ್ಪ ಅಮ್ಮನ ಮೇಲಿನ ದೂರಾಗಿ ಮಾರ್ಪಡುತ್ತದೆ, ಕೊನೆಗೆ ದೂರಬಾರದೆಂದು ಮಗು ದುಃಖವನ್ನೇ ಮುಚ್ಚಿಡುತ್ತದೆ. ಮೊದಲನೆಯ ದಿಮ್ಮಿಯ ವಿಷಯ ತೆಗೆದಾಗ ಮಗಳು, "ನನಗೆ ಯಾರ ಮೇಲೂ ಕೋಪ ಇಲ್ಲ" ಎಂದಳು. ನಾವು ನಂಬಿದೆವು.

ತಲುಪಿದ ಮೊದಲ ವಾರ ಬೆಳಗಿನ ಮೂರು ಗಂಟೆಗೆ ನಾಲ್ವರೂ ಎಚ್ಚರ. ದೇಹದ ಗಡಿಯಾರ ಸ್ಥೂಲವಾಗಿ ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ ಹೊಸ ವೇಳೆಗೆ ಸರಿಯುತ್ತದೆ, ಪಶ್ಚಿಮಕ್ಕೆ ಹೋದವರಿಗಿಂತ ಪೂರ್ವಕ್ಕೆ ಹೋದವರಿಗೆ ಕಷ್ಟ ಹೆಚ್ಚು. ಹಗಲಿನ ಬೆಳಕಿನಲ್ಲಿ ಮಕ್ಕಳನ್ನು ಹೊರಗೆ ಓಡಾಡಿಸುವುದೊಂದೇ ಇದಕ್ಕೆ ನಮಗೆ ಫಲ ಕೊಟ್ಟ ಮದ್ದು. ಆ ಕತ್ತಲೆಯ ಹೊತ್ತಿನಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಪದಬಂಧ ಆಡಿದ್ದು ಮಾತ್ರ ಮಕ್ಕಳ ನೆನಪಿನಲ್ಲಿ ಇಂದಿಗೂ ಆ ವರ್ಷದ ಅತಿ ಸಿಹಿ ಭಾಗವಾಗಿ ಉಳಿದಿದೆ.

ಶಾಲೆ ಶುರುವಾಗಿ ಮೂರು ದಿನ ಮಗ ಗೇಟಿನಿಂದ ಹೊರಬಂದವನೇ ನನ್ನ ಕೈ ಕೊಸರಿಕೊಂಡು ಮನೆಯ ಕಡೆಗೆ ಓಡುತ್ತಿದ್ದ. ಮನೆ ಕಾಣುವ ಸಂತೋಷವೆಂದು ನಾನು ಭಾವಿಸಿದ್ದೆ. ನಾಲ್ಕನೆಯ ದಿನ ದಾರಿಯ ಅರ್ಧದಲ್ಲಿ ಅವನ ಪ್ಯಾಂಟು ಒದ್ದೆಯಾಯಿತು. ಶೌಚಾಲಯ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಹೋಗಲು ಹೇಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಬೇರೆ ಮಕ್ಕಳು ಬೆರಳುಗಳಿಂದ ಏನೋ ಒಂದು ಸನ್ನೆ ಮಾಡಿ ಎದ್ದು ಹೋಗುತ್ತಿದ್ದರಂತೆ, ಆ ಸನ್ನೆ ತಪ್ಪಾಗಿಬಿಟ್ಟರೆ ಎಲ್ಲರೂ ನಗುತ್ತಾರೆಂದು ಇವನು ಬೆಳಗಿನಿಂದ ಮಧ್ಯಾಹ್ನದವರೆಗೂ ತಡೆದುಕೊಂಡೇ ಕೂತಿರುತ್ತಿದ್ದ. ನೀರನ್ನೂ ಕುಡಿಯುತ್ತಿರಲಿಲ್ಲ, ತುಂಬಿದ ಬಾಟಲಿ ಹಾಗೆಯೇ ಮರಳುತ್ತಿದ್ದುದನ್ನು ನಾನು ಕಂಡಿದ್ದೆ, ಯೋಚಿಸಿರಲಿಲ್ಲ. ಕಲ್ಚರ್ ಶಾಕ್ ಎಂಬ ಮಾತನ್ನು ಬಳಕೆಗೆ ತಂದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಹೇಳಿದ್ದು ಇದನ್ನೇ: ಯಾವಾಗ ಕೈಕುಲುಕಬೇಕು, ಎದುರಾದವರಿಗೆ ಏನನ್ನಬೇಕು, ಯಾರ ಮಾತನ್ನು ನಿಜವೆಂದು ತೆಗೆದುಕೊಳ್ಳಬೇಕು ಎಂಬಂಥ, ಗಮನಕ್ಕೇ ಬಾರದ ನೂರಾರು ಸಣ್ಣ ಕುರುಹುಗಳ ಮೇಲೆ ನಮ್ಮ ದಿನ ನಿಂತಿರುತ್ತದೆ, ಅವೆಲ್ಲ ಒಮ್ಮೆಲೇ ಕೈತಪ್ಪಿದಾಗ ಹುಟ್ಟುವ ಕಳವಳವೇ ಆ ಆಘಾತ. ದೊಡ್ಡವರಿಗೆ ಅದು ಕೈಕುಲುಕುವುದರಲ್ಲಿ ಕಂಡರೆ ಆರು ವರ್ಷದವನಿಗೆ ಶೌಚಾಲಯದ ಸನ್ನೆಯಲ್ಲಿ ಕಂಡಿತ್ತು. ವಿಷಯ ತಿಳಿದ ಶಿಕ್ಷಕಿ ಮಾರನೆಯ ದಿನವೇ ಚಿತ್ರ ಬರೆದ ನಾಲ್ಕು ಚಿಕ್ಕ ಕಾರ್ಡುಗಳನ್ನು ಅವನ ಮೇಜಿನ ಅಂಚಿಗೆ ಅಂಟಿಸಿದರು: ಶೌಚಾಲಯ, ನೀರು, ಹೊಟ್ಟೆನೋವು, ಅರ್ಥವಾಗಲಿಲ್ಲ. ಕಾರ್ಡನ್ನು ಬೆರಳಿನಿಂದ ಮುಟ್ಟಿದರೆ ಸಾಕಾಗಿತ್ತು.

ಓಬರ್ಗ್ ಈ ಹೊಂದಿಕೆಯಲ್ಲಿ ಮಧುಚಂದ್ರದಂಥ ಮೊದಲ ದಿನಗಳು, ಆಮೇಲೆ ಸಿಟ್ಟಿನ ಕಾಲ, ಚೇತರಿಕೆ, ಒಗ್ಗುವಿಕೆ ಎಂದು ನಾಲ್ಕು ಘಟ್ಟಗಳನ್ನು ಗುರುತಿಸಿದರು. ಅದರ ಮರುವರ್ಷ ಸ್ವೆರ‍್ರೆ ಲಿಸ್ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕದಲ್ಲಿ ಇದ್ದುಬಂದ ತಮ್ಮ ದೇಶದ 200 ವಿದ್ಯಾರ್ಥಿವೇತನದವರನ್ನು ಮಾತನಾಡಿಸಿ, 6ರಿಂದ 18 ತಿಂಗಳ ನಡುವೆ ಇದ್ದವರೇ ಹೆಚ್ಚು ಕುಗ್ಗಿದ್ದರೆಂದು ಕಂಡುಕೊಂಡರು. ಈ ಕಣಿವೆಯಾಕಾರದ ರೇಖೆ ಎಲ್ಲರಿಗೂ ಹೊಂದುವುದಿಲ್ಲವೆಂದೂ, ಕೆಲವರಿಗೆ ಮೊದಲ ದಿನಗಳೇ ಅತಿ ಕಠಿಣವೆಂದೂ ನಂತರದ ಸಂಶೋಧಕರು ತೋರಿಸಿದ್ದಾರೆ. ನನ್ನ ಮನೆಯಲ್ಲಿ ಎರಡೂ ನಿಜವಾಯಿತು. ಮಗಳು ಮೊದಲ ದಿನವೇ ಕುಗ್ಗಿದಳು, ಕುಗ್ಗಿದವಳು ಇಂಚಿಂಚಾಗಿ ಮೇಲೆದ್ದಳು. ಕಾರ್ಡುಗಳು ಬಂದ ಮೇಲೆ ನಗುನಗುತ್ತಾ ಇದ್ದ ಮಗ ನಾಲ್ಕನೆಯ ತಿಂಗಳಲ್ಲಿ ಬಿದ್ದ, ನಾವು ಇನ್ನೇನು ದಡ ಸೇರಿದೆವು ಎಂದುಕೊಂಡಿದ್ದಾಗ.

ಅವನು ಬಿದ್ದದ್ದರಲ್ಲಿ ನನ್ನ ಕೈವಾಡವಿತ್ತು. ಶಾಲೆಯಲ್ಲಿ ಅವನು ಬಾಯಿಬಿಡುತ್ತಿರಲಿಲ್ಲ. ಹೊಸ ಭಾಷೆಗೆ ಬಂದ ಎಷ್ಟೋ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ, ಆ ಮೌನದಲ್ಲಿ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ಶಿಕ್ಷಕಿ ಹೇಳಿದ್ದರೂ ನನಗೆ ತಾಳ್ಮೆಯಿರಲಿಲ್ಲ. ಮನೆಯಲ್ಲಿಯೂ ಹೊಸ ಭಾಷೆಯನ್ನೇ ಆಡೋಣವೆಂದು ನಿಯಮ ಮಾಡಿದೆ. ನನಗೇ ಸರಿಯಾಗಿ ಬಾರದ ಭಾಷೆಯಲ್ಲಿ ನಾನು ಮಗನಿಗೆ ಗದರುತ್ತಿದ್ದೆ, ಸಮಾಧಾನ ಹೇಳಲು ಹೋಗಿ ಪದ ಸಿಗದೆ ತಡವರಿಸುತ್ತಿದ್ದೆ. ಐದಾರು ವಾರಗಳಲ್ಲಿ ಅವನು ಮನೆಯಲ್ಲೂ ಮಾತು ನಿಲ್ಲಿಸಿದ. ಕೇಳಿದ್ದಕ್ಕೆ ತಲೆಯಾಡಿಸುವುದು, ರಜೆಯ ಕೊನೆಯ ಸಂಜೆ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಎಲ್ಲ ಒಟ್ಟಿಗೆ ಬಂದವು.

ಶಾಲೆಯಲ್ಲಿ ಹೊಸ ಭಾಷೆಯ ಮಕ್ಕಳಿಗೆಂದೇ ಇದ್ದ ಶಿಕ್ಷಕಿಯೊಬ್ಬರು ನನ್ನನ್ನು ಕರೆಸಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮನೆಮಾತಿನಲ್ಲಿ ಅವನು ಹೇಗೆ ಮಾತಾಡುತ್ತಾನೆ?" ಎಂಬುದು. ನಾವು ಮನೆಮಾತನ್ನು ನಿಲ್ಲಿಸಿದ್ದೇವೆ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಅವರು ವಿವರಿಸಿದ್ದು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಮುಂದಿಟ್ಟ ಭೇದ. ಆಟದ ಮೈದಾನದ ಮಾತು ಬೇರೆ, ಪಾಠದ ಮಾತು ಬೇರೆ. ಮೊದಲನೆಯದು ಸುಮಾರು ಎರಡು ವರ್ಷದೊಳಗೆ ಬರುತ್ತದೆ; ತರಗತಿಯ ಸಮವಯಸ್ಕರಿಗೆ ಸರಿಸಾಟಿಯಾಗಿ ಓದಿ, ವಾದಿಸಿ, ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗುತ್ತದೆ. ಈ ಎರಡನೆಯದಕ್ಕೆ ಅಡಿಪಾಯ ಹಾಕುವುದು ಮಗುವಿಗೆ ಮೊದಲೇ ಗಟ್ಟಿಯಾಗಿರುವ ಭಾಷೆ. ಅದರಲ್ಲಿ ಕಲಿತ ಯೋಚನೆ ಹೊಸ ಭಾಷೆಗೆ ದಾಟಿಬರುತ್ತದೆ. "ಹೊಸ ಭಾಷೆಯನ್ನು ನಮಗೆ ಬಿಡಿ. ನಮ್ಮಿಂದ ಆಗದ್ದು ನಿಮ್ಮ ಹತ್ತಿರ ಇದೆ," ಎಂದರು. ಮನೆಮಾತಿನಲ್ಲೂ ಮೌನ ಮುಂದುವರಿದರೆ, ಅಥವಾ ನಿದ್ದೆ, ಊಟ, ಆಟ ಮೂರೂ ಹಲವು ವಾರ ಕೆಟ್ಟೇ ಇದ್ದರೆ, ಅದನ್ನು ಭಾಷೆಯ ಲೆಕ್ಕಕ್ಕೆ ಬರೆಯದೆ ಮಕ್ಕಳ ವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಬೇಕೆಂದೂ ಸೇರಿಸಿದರು. ಆ ಸಂಜೆಯೇ ನಿಯಮ ರದ್ದಾಯಿತು. ಹತ್ತು ಹನ್ನೆರಡು ದಿನಗಳ ನಂತರ ಒಂದು ಬೆಳಿಗ್ಗೆ, ಶೂ ಕಟ್ಟಿಸಿಕೊಳ್ಳುತ್ತಾ ಮಗ, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಎತ್ತಿಕೊಂಡವನಂತೆ, ಯಾವುದೋ ಹುಳುವಿಗೆ ಎಷ್ಟು ಕಾಲುಗಳೆಂದು ಕೇಳಿದ.

ಹಾಸಿಗೆ ಒದ್ದೆಯಾಗುವುದು ಮಾತ್ರ ನಿಲ್ಲಲಿಲ್ಲ. ಮಗಳೂ ಕರೆದಷ್ಟಕ್ಕೆ ಓಗೊಡುವ ಹುಡುಗಿಯಾಗಿಯೇ ಇದ್ದಳು. ನಾನು ಬೆಳಿಗ್ಗೆ ಅವರನ್ನು ಬಿಟ್ಟು ಬಂದು ಪಾತ್ರೆ ತೊಳೆದು, ಕೆಲಸದ ಜಾಹೀರಾತುಗಳನ್ನು ನೋಡಿ, ಅರ್ಜಿ ಹಾಕದೆ ಮುಚ್ಚಿಟ್ಟು, ಮಧ್ಯಾಹ್ನ ಕರೆತರಲು ಹೋಗುತ್ತಿದ್ದೆ. ಹೇಗಿದ್ದೀಯೆಂದು ಪತ್ನಿ ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಅವಳಿಗೆ ಸಿಕ್ಕ ಅವಕಾಶದ ಮೇಲೆ ನನ್ನ ಬೇಸರದ ನೆರಳು ಬೀಳಬಾರದೆಂಬುದು ನನ್ನ ಎಣಿಕೆ. ಅವಳ ಕಚೇರಿಯಲ್ಲಿ ಅವಳು ಒಬ್ಬಂಟಿಯಾಗಿ ಊಟ ಮಾಡುತ್ತಿದ್ದುದನ್ನು ಅವಳೂ ನನ್ನಿಂದ ಮುಚ್ಚಿಟ್ಟಿದ್ದಳೆಂದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ.

ಒಂದು ರಾತ್ರಿ ಅವಳು ಮಾನಸಿಕ ಒತ್ತಡ ಅಳೆಯುವ ಒಂದು ಹಳೆಯ ಪಟ್ಟಿಯನ್ನು ತಂದು ಮುಂದಿಟ್ಟಳು. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹಿ ಎಂಬ ಮನೋವೈದ್ಯರಿಬ್ಬರು ಮಾಡಿದ್ದು. ಬದುಕಿನ 43 ಬಗೆಯ ಬದಲಾವಣೆಗಳಿಗೆ ಅದರಲ್ಲಿ ಅಂಕಗಳಿವೆ, ಸಂಗಾತಿಯ ಸಾವಿಗೆ 100. ನಾನು ನನ್ನ ಲೆಕ್ಕ ಹಾಕಿದೆ. ಬದುಕುವ ಸ್ಥಿತಿಗತಿ ಬದಲಾದದ್ದಕ್ಕೆ 25, ಮನೆ ಬದಲಾದದ್ದಕ್ಕೆ 20, ಶಾಲೆ ಬದಲಾದದ್ದಕ್ಕೆ 20, ಜನರ ಒಡನಾಟಕ್ಕೆ 18, ನಿದ್ದೆಗೆ 16, ಊಟದ ಅಭ್ಯಾಸಕ್ಕೆ 15, ಬಂಧುಗಳು ಸೇರುವುದು ಕಡಿಮೆಯಾದದ್ದಕ್ಕೆ 15, ಒಟ್ಟು 129. ಪಟ್ಟಿಯ ಪ್ರಕಾರ 150ರೊಳಗಿದ್ದರೆ ಚಿಂತೆಯಿಲ್ಲ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ದುಡಿಮೆಯ ಬಗೆ ಬದಲಾದದ್ದಕ್ಕೆ ಎಂಬ ಸಾಲಿನ ಮುಂದಿದ್ದ 36ಕ್ಕೆ ಸುತ್ತು ಹಾಕಿದಳು. 165 ಆಯಿತು. ಈ ಅಂಕಗಳನ್ನು ವೇದವಾಕ್ಯವೆಂದು ನಾನು ತಿಳಿದಿಲ್ಲ. ಶಾಲೆ ಬದಲಾದ ನೋವನ್ನು ನನ್ನ ಖಾತೆಗೆ ಬರೆದುಕೊಳ್ಳಲು ಮರೆಯದವನು ನನ್ನ ಕೆಲಸ ಹೋದದ್ದನ್ನು ಬರೆದುಕೊಳ್ಳಲು ಮರೆತೆನಲ್ಲ, ಅದು ನನ್ನನ್ನು ಕಾಡಿತು.

ಆ ವಾರದ ಕೊನೆಯಲ್ಲಿ ಡಬ್ಬಗಳ ವಿಷಯ ಬಂತು. ಮಗ ತನ್ನ ಬೆಣಚುಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡಿದ್ದವನು, "ನಿನ್ನ ಡಬ್ಬದಲ್ಲಿ ಏನಿದೆಯಪ್ಪ?" ಎಂದ. ಕಾಗದಪತ್ರ ಎಂದೆ. "ಅದಲ್ಲ, ನಿಂದು?" ಎಂದ. ಏನೂ ಇಲ್ಲವೆಂದು ಹೇಳಿ, ಆಮೇಲೆ, ಸುಮ್ಮನಿದ್ದಿದ್ದರೆ ಸುಮ್ಮನಿದ್ದುಬಿಡಬಹುದಾಗಿದ್ದರೂ, ನನ್ನ ಆಫೀಸಿನ ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ತರಬಹುದಾಗಿತ್ತು, ಅದು ನೆನಪಾಗುತ್ತದೆ, ಆ ಕೆಲಸ ನನಗೆ ಇಷ್ಟವಿತ್ತು, ಬೆಳಿಗ್ಗೆ ನಿಮ್ಮನ್ನು ಬಿಟ್ಟು ಬಂದ ಮೇಲೆ ಮನೆ ಬಿಕೋ ಎನ್ನುತ್ತದೆ ಎಂದೆ. ಮಗ ಕಲ್ಲು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದ. "ನಿಂಗೂ ಬೇಜಾರಾ?" ಎಂದ. ಆ ಪ್ರಶ್ನೆಯಲ್ಲಿ ಅನುಕಂಪಕ್ಕಿಂತ ಆಶ್ಚರ್ಯವಿತ್ತು, ಸ್ವಲ್ಪ ಸಮಾಧಾನವೂ ಇತ್ತೆಂದು ನನಗೆ ತೋರಿತು. ಇಷ್ಟು ದಿನ ಈ ಮನೆಯಲ್ಲಿ ಬೇಸರವಿದ್ದದ್ದು ತನಗೊಬ್ಬನಿಗೇ ಎಂದು ಅವನು ತಿಳಿದಿದ್ದ.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ, ಟೇಪು ಕತ್ತರಿಸಿ, ತನ್ನ ಡಬ್ಬ ತಂದಳು. ಅದರಲ್ಲಿದ್ದದ್ದು ಒಂದೇ ವಸ್ತು: ಅವಳೂ ಅವಳ ಗೆಳತಿಯೂ ಎರಡು ವರ್ಷ ಸೇರಿ ಚಿತ್ರ ಬರೆದು ಕಥೆ ಕಟ್ಟಿದ್ದ, ಅರ್ಧ ಮುಗಿದ ಒಂದು ನೋಟ್‌ಪುಸ್ತಕ. ಅದು ಯಾರ ಬಳಿ ಇರಬೇಕೆಂದು ಜಗಳವಾಗಿ, ಹೊರಡುವ ಮುಂಚಿನ ಎರಡು ತಿಂಗಳು ಇಬ್ಬರೂ ಮಾತು ಬಿಟ್ಟಿದ್ದರಂತೆ. ಕೊನೆಯ ದಿನ ಇವಳು ಅದನ್ನು ಗೆಳತಿಯ ಚೀಲದಿಂದ ಹೇಳದೆ ತೆಗೆದುಕೊಂಡು ಬಂದಿದ್ದಳು. "ಕದ್ದುಬಿಟ್ಟೆ" ಎಂದು ಅತ್ತಳು. ಅಷ್ಟು ತಿಂಗಳು ನಾವು ಅವಳ ಮೌನವನ್ನು ಹೊಸ ಶಾಲೆಯ ತಲೆಗೆ ಕಟ್ಟಿದ್ದೆವು. ಮೊದಲನೆಯ ದಿಮ್ಮಿಯೇ ಇಲ್ಲದ ತೆಪ್ಪದಲ್ಲಿ ಅವಳು ಬಂದಿದ್ದಳು.

ಪಾಲಿನ್ ಬಾಸ್ ಎಂಬ ಅಮೆರಿಕದ ಮನೋವಿಜ್ಞಾನಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡುತ್ತಾ, ಸತ್ತರೆಂದು ಅಳಲೂ ಆಗದ, ಇದ್ದಾರೆಂದು ನಂಬಲೂ ಆಗದ ನಷ್ಟಕ್ಕೆ ಒಂದು ಹೆಸರು ಕೊಟ್ಟರು. ತುದಿ ಕಾಣದ ನಷ್ಟವೆಂದು ಅದನ್ನು ಕನ್ನಡಿಸಬಹುದು. ದೇಶ ಬಿಟ್ಟವರ ದುಃಖವೂ ಇದೇ ಜಾತಿಯದು ಎನ್ನುತ್ತಾರೆ ಅವರು. ಅಜ್ಜಿ ಇದ್ದಾರೆ, ಫೋನಿನ ಪರದೆಯಲ್ಲಿ ಕಾಣುತ್ತಾರೆ, ಮಡಿಲು ಮಾತ್ರ ಇಲ್ಲ. ಮಗ ವಿಡಿಯೊ ಕರೆಗೆ ಬರಲು ಒಪ್ಪದೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದುದನ್ನು ನಾವು ಒರಟುತನವೆಂದು ಗದರಿಸಿದ್ದೆವು. ಅಜ್ಜಿಯೊಂದಿಗೆ "ಮಾತಾಡು" ಎನ್ನುವುದನ್ನು ಬಿಟ್ಟು, ಫೋನನ್ನು ಪುಸ್ತಕಕ್ಕೆ ಒರಗಿಸಿ ನೆಲದ ಮೇಲಿಟ್ಟು, ಅವನು ಮರದ ತುಂಡುಗಳನ್ನು ಪೇರಿಸುತ್ತಿರುವಾಗ ಅಜ್ಜಿ ತಮ್ಮ ಪಾಡಿಗೆ ಕಥೆ ಹೇಳುತ್ತಿರಲಿ ಎಂದು ಮಾಡಿದೆವು. ಎರಡನೆಯ ವಾರದಲ್ಲಿ ಅವನು ಕಥೆಯಲ್ಲಿದ್ದ ತಪ್ಪನ್ನು ತಿದ್ದಿದ. ಹಾಸಿಗೆ ಒಣಗಿಯೇ ಇದ್ದ ರಾತ್ರಿಗಳು ಹೆಚ್ಚಾದದ್ದು ಆ ತಿಂಗಳಲ್ಲೇ. ಯಾವುದರಿಂದ ಯಾವುದಾಯಿತೆಂದು ನಾನು ಹೇಳಲಾರೆ.

ಎರಡನೆಯ ವರ್ಷದ ಆರಂಭದಲ್ಲಿ, ಹೊಸದಾಗಿ ಬರುವ ಕುಟುಂಬಗಳಿಗೆ ಜೊತೆಯಾಗಲು ಸಾಧ್ಯವೇ ಎಂದು ಶಾಲೆಯವರು ಪೋಷಕರಲ್ಲಿ ಕೇಳಿದಾಗ ನಾನು ಹೆಸರು ಕೊಟ್ಟೆ. ಈವರೆಗೆ ಹನ್ನೊಂದು ಕುಟುಂಬಗಳೊಂದಿಗೆ ಓಡಾಡಿದ್ದೇನೆ. ಶಾಲೆ ಶುರುವಾಗುವ ಮುಂಚೆ ಮಗುವನ್ನು ಖಾಲಿ ಕಟ್ಟಡಕ್ಕೆ ಕರೆದೊಯ್ದು, ತರಗತಿಗಿಂತ ಮೊದಲು ಶೌಚಾಲಯವನ್ನೂ ನೀರಿನ ನಲ್ಲಿಯನ್ನೂ ತೋರಿಸಿ, ಕೇಳುವ ಸನ್ನೆಯನ್ನು ನಾಲ್ಕು ಸಲ ಮಾಡಿಸುತ್ತೇನೆ. ಮಗುವಿನ ಹೆಸರನ್ನು ಅದರ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ ಶಿಕ್ಷಕರ ಬಾಯಲ್ಲಿ ಬರುವವರೆಗೂ ಬಿಡುವುದಿಲ್ಲ, ಏಕೆಂದರೆ ಹೆಸರು ಮೊಟಕಾದ ಮಗು ತನ್ನನ್ನು ಕರೆದದ್ದೆಂದೇ ಗುರುತಿಸದೆ ಕೂತಿರುವುದನ್ನು ಕಂಡಿದ್ದೇನೆ. ಮನೆಮಾತನ್ನು ನಿಲ್ಲಿಸಿದ ತಂದೆತಾಯಿಗಳು ಹನ್ನೊಂದರಲ್ಲಿ ಆರು ಮನೆಗಳಲ್ಲಿ ಸಿಕ್ಕರು. ಅವರಿಗೆ ನನ್ನ ಹೆಮ್ಮೆಯ ಕಥೆ ಹೇಳಿದ್ದೇನೆ. ಜೊತೆಗೆ ಬಂದು ಕೆಲಸ ಕಳೆದುಕೊಂಡ ಗಂಡನನ್ನೋ ಹೆಂಡತಿಯನ್ನೋ ಬೇರೆಯಾಗಿ ಒಂದು ಗಂಟೆ ಮಾತಾಡಿಸುವುದು ನನ್ನ ಪಟ್ಟಿಯಲ್ಲಿ ಮಕ್ಕಳಿಗಿಂತ ಮೊದಲಿದೆ. ಶಾಲೆಯ ಪಟ್ಟಿಯಲ್ಲಿ ಅದು ಇಲ್ಲ, ಸೇರಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ.

ಎರಡು ದೇಶಗಳ ನಡುವೆ ಬೆಳೆಯುವ ಮಕ್ಕಳಿಗೆ ಮೂರನೆಯ ಸಂಸ್ಕೃತಿಯ ಮಕ್ಕಳು ಎಂಬ ಹೆಸರು ಬಂದದ್ದು 1950ರ ದಶಕದಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ ಮತ್ತು ಅವರ ಪತಿ ಜಾನ್, ಹೊರನಾಡಿನಲ್ಲಿ ಕೆಲಸಕ್ಕಿದ್ದ ತಮ್ಮ ದೇಶದವರನ್ನು ಅಧ್ಯಯನ ಮಾಡಲು ಹೋಗಿದ್ದಾಗ ರೂಪುಗೊಂಡ ಮಾತು ಅದು. ಆ ಹೆಸರನ್ನು ಕೇಳಿದ ಮಗಳು, "ಮೂರನೇದು ಯಾಕೆ? ನನಗೆ ಎರಡೂ ಸರಿಯಾಗಿ ಸಿಕ್ಕಿಲ್ಲ" ಎಂದಳು. ಅದರಲ್ಲಿ ಕಹಿ ಇರಲಿಲ್ಲ. ಲೆಕ್ಕದಲ್ಲಿನ ತಪ್ಪು ಎತ್ತಿ ತೋರಿಸಿದ ಹಾಗಿತ್ತು.

ಹದಿನೆಂಟನೆಯ ತಿಂಗಳ ರಜೆಯಲ್ಲಿ ನಾವು ಹಿಂದಿರುಗಿ ಹೋಗಿ ಮೂರು ವಾರ ಇದ್ದೆವು. ಹೋಗುವ ಮುಂಚೆ ಮಗಳು ಗೆಳತಿಗೆ ಪತ್ರ ಬರೆದು, ಪುಸ್ತಕ ತನ್ನ ಬಳಿ ಇದೆಯೆಂದು ಒಪ್ಪಿಕೊಂಡಿದ್ದಳು, ಉತ್ತರ ಬಂದಿರಲಿಲ್ಲ. ಆ ಮನೆಯ ಬಾಗಿಲವರೆಗೆ ನಾನು ಜೊತೆಗೆ ಹೋದೆ, ಒಳಗೆ ಹೋಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಕಾದೆ. ಅವಳು ಬರಿಗೈಯಲ್ಲಿ ಬಂದಳು. ಏನಾಯಿತೆಂದು ಕೇಳಬಾರದೆಂದು ನಿರ್ಧರಿಸಿದ್ದವನು ತಿರುವು ದಾಟುವ ಮುಂಚೆಯೇ ಕೇಳಿದೆ.

ಗೆಳತಿ ಪುಸ್ತಕವನ್ನು ತಿರುವಿ ನೋಡಿದಳಂತೆ, ಕಥೆಯ ಒಂದು ಪಾತ್ರದ ಹೆಸರು ಅವಳಿಗೆ ನೆನಪಿರಲಿಲ್ಲವಂತೆ, ಜಗಳ ಆಗಿದ್ದದ್ದೂ ಅಷ್ಟಾಗಿ ನೆನಪಿರಲಿಲ್ಲವಂತೆ. ಇಬ್ಬರೂ ಹತ್ತು ನಿಮಿಷ ನಕ್ಕರಂತೆ, ಆಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲವಂತೆ. ಸ್ವಲ್ಪ ದೂರ ಸುಮ್ಮನೆ ನಡೆದು ಮಗಳು, "ಅವಳು ಎಷ್ಟು ಎತ್ತರ ಆಗಿದ್ದಾಳೆ ಗೊತ್ತಾ ಅಪ್ಪ? ನನ್ನ ತಲೆಯಲ್ಲಿ ಅವಳು ಅಷ್ಟೇ ಇದ್ದಳು," ಎಂದು ತನ್ನ ಭುಜದ ಹತ್ತಿರ ಕೈ ಹಿಡಿದು ತೋರಿಸಿದಳು.